ಒಂದು ಸೂರ್ಯಬಿಂಬದ ಅಗಲದಲ್ಲಿ 15,000 ವರ್ಷ: ಟಿವಾನಾಕು ವಯಸ್ಸಿನ ತಕರಾರು

ಬೊಲಿವಿಯಾದ ಟಿವಾನಾಕು ಅವಶೇಷಗಳಿಗೆ ಎರಡು ವಯಸ್ಸು ಚಾಲ್ತಿಯಲ್ಲಿವೆ. ಅಲ್ಲಿ ನೆಲ ಅಗೆದು ನೋಡಿದವರ ಪ್ರಕಾರ ಆ ದೊಡ್ಡ ಕಲ್ಲುಕಟ್ಟಡಗಳೆಲ್ಲ ಕ್ರಿ.ಶ. ಮೊದಲ ಸಹಸ್ರಮಾನದವು. ಯೂಟ್ಯೂಬ್ ವಿಡಿಯೊಗಳ ಪ್ರಕಾರ 17,000 ವರ್ಷ ಹಳೆಯವು. ಆಂಡೀಸ್‌ನಿಂದ ಹೊಸ ಸುದ್ದಿ ಬಂದಾಗಲೆಲ್ಲ ಈ ಎರಡನೆಯ ಅಂಕಿ ಮತ್ತೆ ತಲೆ ಎತ್ತುತ್ತದೆ. 2025ರ ಜೂನ್‌ನಲ್ಲಿ ಟಿವಾನಾಕುವಿನಿಂದ ಸುಮಾರು 215 ಕಿ.ಮೀ. ಆಗ್ನೇಯಕ್ಕೆ ಪಾಲಸ್ಪಾಟ ಎಂಬಲ್ಲಿ ಅದೇ ಜನರ ದೇವಾಲಯವೊಂದರ ಅಡಿಪಾಯವನ್ನು ಪುರಾತತ್ತ್ವಜ್ಞರು ಪ್ರಕಟಿಸಿದರು: 125 ಮೀಟರ್‌ಗೆ 145 ಮೀಟರ್ ಅಳತೆ, ಒಳ ಅಂಗಳದ ಸುತ್ತ 15 ಚೌಕದ ಆವರಣಗಳು. ಇಂಥ ಸುದ್ದಿಯ ಬೆನ್ನಿಗೇ ಹಳೆಯ ಪ್ರಶ್ನೆಯೂ ಬರುತ್ತದೆ: ಇಷ್ಟು ದೊಡ್ಡ ಕಲ್ಲುಗಳನ್ನು ಅಷ್ಟು ಈಚಿನವರು ಹೇಗೆ ಕಡಿದಾರು?

ಈ 17,000 ಯಾರೋ ಗಾಳಿಯಲ್ಲಿ ತೂರಿಬಿಟ್ಟ ಅಂಕಿಯಲ್ಲ. ಅದರ ಹಿಂದೆ ಒಬ್ಬ ಎಂಜಿನಿಯರ್, ಒಂದು ಅಳತೆ, ಒಂದು ಗಣಿತ ಸೂತ್ರ ಇವೆ. ಹಾಗಾಗಿ ನಕ್ಕು ಪಕ್ಕಕ್ಕಿಡುವ ಬದಲು ಆ ಲೆಕ್ಕವನ್ನೇ ಬಿಚ್ಚಿ ನೋಡುವುದು ವಾಸಿ.

ಮೊದಲು ಕಲ್ಲಿನ ವಿಷಯ

ಟಿವಾನಾಕು ಇರುವುದು ಟಿಟಿಕಾಕಾ ಸರೋವರದ ದಕ್ಷಿಣಕ್ಕೆ, ಸಮುದ್ರ ಮಟ್ಟದಿಂದ ಸುಮಾರು 3,850 ಮೀಟರ್ ಎತ್ತರದ ಬಯಲಿನಲ್ಲಿ. ಅಕಪಾನ ಎಂಬ ಮೆಟ್ಟಿಲು ದಿಬ್ಬ, ಕಲಾಸಸಾಯ ಎಂಬ ಆಯತಾಕಾರದ ಆವರಣ, ತುಸು ದೂರದಲ್ಲಿ ಪೂಮಾ ಪುಂಕು, ಅಂದರೆ ಐಮಾರ ಭಾಷೆಯಲ್ಲಿ ‘ಪೂಮಾದ ಬಾಗಿಲು’. ವಿಡಿಯೊಗಳ ಅಚ್ಚುಮೆಚ್ಚು ಈ ಮೂರನೆಯದು.

ಪೂಮಾ ಪುಂಕುವಿನ ಅತಿ ದೊಡ್ಡ ಹಾಸುಗಲ್ಲು 7.81 ಮೀಟರ್ ಉದ್ದ, 5.17 ಮೀಟರ್ ಅಗಲ, 1.07 ಮೀಟರ್ ದಪ್ಪ. ತೂಕ 131 ಟನ್ ಎಂದು ಪುಸ್ತಕಗಳಲ್ಲಿದೆ. ಅದೂ ಕೊಂಚ ಹೆಚ್ಚೇ ಇರಬೇಕು. ಮೂರು ಅಳತೆ ಗುಣಿಸಿದರೆ ಬರುವುದು 43 ಘನ ಮೀಟರ್. ಮರಳುಗಲ್ಲು ಘನ ಮೀಟರಿಗೆ ಎರಡೂವರೆ ಟನ್ ದಾಟುವುದು ಅಪರೂಪ. ಆ ಲೆಕ್ಕಕ್ಕೆ 110 ಟನ್ ಆಸುಪಾಸು. ವಿಡಿಯೊಗಳಲ್ಲಿ ಇದೇ ಕಲ್ಲು 400 ಟನ್ ಮೀರುತ್ತದೆ. ಕಲ್ಲಿನ ಜಾತಿಯೂ ಬದಲಾಗುತ್ತದೆ: ‘ವಜ್ರದಿಂದ ಮಾತ್ರ ಕೊಯ್ಯಬಹುದಾದ ಗ್ರಾನೈಟ್ ಮತ್ತು ಡಯೊರೈಟ್’ ಎನ್ನುತ್ತಾರೆ. ಅಲ್ಲಿರುವುದು ಕೆಂಪು ಮರಳುಗಲ್ಲು ಮತ್ತು ಆಂಡೆಸೈಟ್. ದೈತ್ಯ ಹಾಸುಗಲ್ಲುಗಳೆಲ್ಲ ಮರಳುಗಲ್ಲು; ಅದರ ಗಣಿ ಹತ್ತು ಕಿ.ಮೀ. ಆಚೆ. ನುಣುಪಾದ ಕೆತ್ತನೆಯ, ‘ಎಚ್’ ಆಕಾರದ ಸಣ್ಣ ಕಲ್ಲುಗಳು ಆಂಡೆಸೈಟ್. ಅವು ಸರೋವರದ ದಂಡೆಯ ಜ್ವಾಲಾಮುಖಿ ಬೆಟ್ಟಗಳಿಂದ ಬಂದವು. ದೊಡ್ಡದು ಹತ್ತಿರದಿಂದ, ಚಿಕ್ಕದು ದೂರದಿಂದ. ಕಲ್ಲು ಸಾಗಿಸಿದ ಅನುಭವ ಇರುವ ಯಾರಾದರೂ ಹಾಗೇ ಮಾಡುತ್ತಾರೆ.

ಪೊಸ್ನಾನ್ಸ್ಕಿ ಅಳೆದದ್ದು ಏನನ್ನು?

17,000ದ ಹಿಂದಿನ ಆ ಎಂಜಿನಿಯರ್ ಆರ್ಥರ್ ಪೊಸ್ನಾನ್ಸ್ಕಿ ವಿಯೆನ್ನಾದಲ್ಲಿ 1873ರಲ್ಲಿ ಹುಟ್ಟಿದವನು, ಲಾ ಪಾಸ್‌ನಲ್ಲಿ 1946ರಲ್ಲಿ ತೀರಿಕೊಂಡವನು. ಹಳ್ಳಿಯ ಚರ್ಚಿಗೆ, ರೈಲು ಹಳಿಯ ಕಾಮಗಾರಿಗೆ ಟಿವಾನಾಕುವಿನ ಕಲ್ಲುಗಳು ಸಾಗಿಹೋಗಿದ್ದ ಕಾಲದಲ್ಲಿ ಆತ ತೆಗೆದ ಫೋಟೊ, ಬರೆದ ನಕ್ಷೆಗಳು ಇವತ್ತಿಗೂ ಬೆಲೆಯುಳ್ಳವು. ಆತನ ಕಾಲನಿರ್ಣಯ ಮಾತ್ರ ಬೇರೆ ವಿಷಯ.

ಆತನ ತರ್ಕ ಸರಳ. ಕಲಾಸಸಾಯ ಸುಮಾರು 130 ಮೀಟರ್ ಉದ್ದ, 120 ಮೀಟರ್ ಅಗಲದ ಆವರಣ. ಪಶ್ಚಿಮ ಗೋಡೆಯ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಜೂನ್ 21ರ ಸೂರ್ಯ ಈಶಾನ್ಯ ಮೂಲೆಯ ಕಡೆ, ಡಿಸೆಂಬರ್ 21ರ ಸೂರ್ಯ ಆಗ್ನೇಯ ಮೂಲೆಯ ಕಡೆ ಹುಟ್ಟುತ್ತಾನೆ. ಈ ಎರಡು ತುದಿಗಳ ಅಂತರವನ್ನು ನಿರ್ಧರಿಸುವುದು ಭೂಮಿಯ ಅಕ್ಷದ ಓರೆ. ಆ ಓರೆ ಕಾಲಕಾಲಕ್ಕೆ ಬದಲಾಗುತ್ತದೆ. ಇವತ್ತು ಅದು 23 ಅಂಶ 26 ಕಲೆ. (ಪಂಚಾಂಗ ನೋಡುವವರಿಗೆ ಗೊತ್ತು, ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ.) ಆವರಣದ ಮೂಲೆಗಳಿಗೆ ಹೊಂದುವ ಓರೆ 23 ಅಂಶ 8 ಕಲೆ 48 ವಿಕಲೆ ಎಂದು ಪೊಸ್ನಾನ್ಸ್ಕಿ ಲೆಕ್ಕ ಹಾಕಿದ. ಅಂಥ ಓರೆ ಯಾವಾಗ ಇತ್ತು? ಆಗಿನ ಖಗೋಳ ಕೋಷ್ಟಕಗಳ ಸೂತ್ರ ಕೊಟ್ಟ ಉತ್ತರ ಕ್ರಿ.ಪೂ. 15,000. ಹದಿನೇಳು ಸಾವಿರ ವರ್ಷ ಹುಟ್ಟಿದ್ದು ಹೀಗೆ.

ಈಗ ಲೆಕ್ಕವನ್ನು ಒಂದೊಂದೇ ಎಳೆಯಾಗಿ ಎಳೆಯೋಣ.

ಕಳೆದ ಹಲವು ಸಾವಿರ ವರ್ಷಗಳಿಂದ ಭೂಮಿಯ ಓರೆ ಕಡಿಮೆಯಾಗುತ್ತ ಬಂದಿದೆ, ಶತಮಾನಕ್ಕೆ ಸುಮಾರು 47 ವಿಕಲೆಯಂತೆ. ಅಂದರೆ ಹಿಂದಕ್ಕೆ ಹೋದಷ್ಟೂ ಕೋನ ದೊಡ್ಡದು. ಕ್ರಿ.ಶ. 600ರಲ್ಲಿ ಅದು 23 ಅಂಶ 37 ಕಲೆಯ ಹತ್ತಿರ ಇತ್ತು. ಪೊಸ್ನಾನ್ಸ್ಕಿಗೆ ಸಿಕ್ಕ ಕೋನವೋ ಇಂದಿನದಕ್ಕಿಂತಲೂ ಚಿಕ್ಕದು. ಚಿಕ್ಕ ಕೋನ ಬೇಕಿದ್ದರೆ ನೇರ ದಾರಿ ಭವಿಷ್ಯದ ಕಡೆಗಿದೆ: ಈಗಿನ ವೇಗದಲ್ಲಿ ಓರೆ ಇಳಿಯುತ್ತ ಹೋದರೆ ಆ ಅಂಕಿ ಮುಟ್ಟುವುದು ಸುಮಾರು ಕ್ರಿ.ಶ. 4200ಕ್ಕೆ! ಇನ್ನೂ ಬರದ ಕಾಲಕ್ಕೆ ಯಾರೂ ಗೋಡೆ ಕಟ್ಟುವುದಿಲ್ಲವಾದ್ದರಿಂದ ಹಿಂದಕ್ಕೇ ಹೋಗಬೇಕು. ಹಿಂದೆ ಹೋದರೆ ಓರೆ ಮೊದಲು ಏರುತ್ತದೆ, ಸುಮಾರು 10,000 ವರ್ಷದ ಹಿಂದೆ 24 ಅಂಶ ದಾಟಿ ತುದಿ ಮುಟ್ಟುತ್ತದೆ, ಅದರಾಚೆ ಮತ್ತೆ ಇಳಿಯುತ್ತದೆ. ಆ ಗುಡ್ಡ ಹತ್ತಿ ಆಚೆ ಇಳಿದ ಮೇಲೇ ಚಿಕ್ಕ ಕೋನ ಸಿಗುವುದು. ಹೀಗಾಗಿ ಅಳತೆಯ ಒಂದು ಸಣ್ಣ ತಪ್ಪು ಉತ್ತರವನ್ನು ನೂರಿನ್ನೂರು ವರ್ಷ ಆಚೀಚೆ ಮಾಡಿ ಸುಮ್ಮನಾಗುವುದಿಲ್ಲ. ಹದಿನೈದು ಸಾವಿರ ವರ್ಷ ಹಾರಿಸಿಬಿಡುತ್ತದೆ.

ಸೂತ್ರದ ಕಥೆಯೂ ಸ್ವಾರಸ್ಯಕರ. ಆ ಕಾಲದ ಸೂತ್ರದಲ್ಲಿ ಶತಮಾನಗಳ ಸಂಖ್ಯೆಯನ್ನು ಒಂದು ಸಲ, ಅದರ ವರ್ಗವನ್ನು ಒಂದು ಸಲ, ಘನವನ್ನು ಒಂದು ಸಲ ಬೇರೆ ಬೇರೆ ಗುಣಾಂಕಗಳಿಂದ ಗುಣಿಸಿ ಕೂಡಬೇಕು. ಘನದ ಗುಣಾಂಕ ತೀರ ಚಿಕ್ಕದು, 0.0018 ವಿಕಲೆ. ಹತ್ತಿಪ್ಪತ್ತು ಶತಮಾನಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. 170 ಶತಮಾನ ಹಾಕಿ ನೋಡಿ: 170ರ ಘನ ಸುಮಾರು 49 ಲಕ್ಷ, ಗುಣಿಸಿದರೆ 8,800 ವಿಕಲೆ ಚಿಲ್ಲರೆ. ಉಳಿದ ಪದಗಳನ್ನೆಲ್ಲ ಅದೊಂದೇ ನುಂಗಿ ಹಾಕುತ್ತದೆ. 1900ನೇ ಇಸವಿಯಿಂದ 170 ಶತಮಾನ ಹಿಂದಕ್ಕೆ ಹೋದಾಗ ಆ ಸೂತ್ರ ಕೊಡುವುದು ಸರಿಯಾಗಿ 23 ಅಂಶ 8 ಕಲೆ 49 ವಿಕಲೆ. ಅಂದರೆ ಕ್ರಿ.ಪೂ. 15,000 ಎಂಬ ಉತ್ತರ ನಿಂತಿರುವುದು ಕೆಲವೇ ಸಾವಿರ ವರ್ಷಕ್ಕೆ ನಂಬಬಹುದಾಗಿದ್ದ ಸೂತ್ರದ ಬಾಲದ ಮೇಲೆ. ಇಂದಿನ ಗಣನೆಯಲ್ಲಿ ಅದೇ ಕೋನ ಸುಮಾರು 20,000 ವರ್ಷದ ಹಿಂದಕ್ಕೆ, ಹಿಮಯುಗದ ಉತ್ತುಂಗದ ಹತ್ತಿರಕ್ಕೆ ಹೋಗುತ್ತದೆ. ಪೊಸ್ನಾನ್ಸ್ಕಿಯ ಕೋನವನ್ನು ಕಣ್ಣುಮುಚ್ಚಿ ಒಪ್ಪಿದರೂ 17,000 ಬರುವುದಿಲ್ಲ. ಆ ಅಂಕಿಯನ್ನು ಇವತ್ತೂ ಹೇಳುವವರು ಒಮ್ಮೆಯೂ ಲೆಕ್ಕ ಮರುಪರಿಶೀಲಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇನ್ನು ನೆಲದ ಮೇಲಿನ ಅಳತೆ. ಟಿವಾನಾಕುವಿನ ಅಕ್ಷಾಂಶ 16 ಅಂಶ 33 ಕಲೆ ದಕ್ಷಿಣ. ಅಲ್ಲಿ, ದಿಗಂತ ಸಮತಟ್ಟಾಗಿದೆ ಎಂದಿಟ್ಟುಕೊಂಡರೆ, ಕ್ರಿ.ಶ. 600ರ ಓರೆಯಲ್ಲಿ ಜೂನ್ ಸೂರ್ಯ ನೇರ ಪೂರ್ವದಿಂದ 24.7 ಅಂಶ ಉತ್ತರಕ್ಕೆ ಹುಟ್ಟುತ್ತಾನೆ. ಪೊಸ್ನಾನ್ಸ್ಕಿಯ ಓರೆಯಲ್ಲಿ 24.2 ಅಂಶ ಉತ್ತರಕ್ಕೆ. ವ್ಯತ್ಯಾಸ ಅರ್ಧ ಅಂಶ, ಅಂದರೆ 30 ಕಲೆ. ಆಕಾಶದಲ್ಲಿ ಸೂರ್ಯಬಿಂಬದ ಅಗಲವೇ 32 ಕಲೆ. ಕ್ರಿ.ಶ. 600ಕ್ಕೂ ಕ್ರಿ.ಪೂ. 15,000ಕ್ಕೂ ನಡುವಿನ ಇಡೀ ತಕರಾರು ಒಂದು ಸೂರ್ಯಬಿಂಬದ ಅಗಲದೊಳಗೆ ಮುಗಿದುಹೋಗುತ್ತದೆ. 130 ಮೀಟರ್ ದೂರದ ಪೂರ್ವ ಗೋಡೆಯ ಮೇಲೆ ಅದು ಪ್ರತಿ ಮೂಲೆಯಲ್ಲೂ ಸುಮಾರು 1.3 ಮೀಟರ್.

ಸೂರ್ಯ ‘ಹುಟ್ಟಿದ’ ಎಂದರೆ ಯಾವ ಕ್ಷಣ? ಮೊದಲ ಕಿಡಿ ಕಂಡದ್ದೋ, ಬಿಂಬ ಪೂರ್ತಿ ಮೇಲೆ ಬಂದದ್ದೋ? ಆ ಅಕ್ಷಾಂಶದಲ್ಲಿ ಸೂರ್ಯ ಏರುತ್ತ ಏರುತ್ತ ಉತ್ತರಕ್ಕೆ ಜಾರುತ್ತಾನೆ. ಈ ಎರಡು ಕ್ಷಣಗಳ ನಡುವೆ ದಿಕ್ಕು ಸುಮಾರು 10 ಕಲೆ ಸರಿದಿರುತ್ತದೆ. ದಿಗಂತದಲ್ಲಿ ಗುಡ್ಡವಿದ್ದರೆ? ಒಂದು ಅಂಶ ಎತ್ತರದ ದಿಗಂತ, ಅಂದರೆ ಹತ್ತು ಕಿ.ಮೀ. ದೂರದಲ್ಲಿ 175 ಮೀಟರ್ ಎತ್ತರದ ಗುಡ್ಡ, ದಿಕ್ಕನ್ನು 20 ಕಲೆ ಸರಿಸುತ್ತದೆ. ಎರಡನ್ನೂ ಕೂಡಿದರೆ 30 ಕಲೆ, ಅಲ್ಲಿಗೆ ಪೂರ್ತಿ ತಕರಾರು ತೀರಿತು. ನ್ಯಾಯವಾಗಿ ಒಂದು ಮಾತು ಹೇಳಬೇಕು: ಜೂನ್ ಮತ್ತು ಡಿಸೆಂಬರ್ ಎರಡೂ ಕಡೆ ಒಂದೇ ಕ್ರಮದಲ್ಲಿ ನೋಡಿ, ಎರಡೂ ಕಡೆ ದಿಗಂತ ಒಂದೇ ಎತ್ತರವಿದ್ದು, ಸರಾಸರಿ ತೆಗೆದರೆ ಈ ತಪ್ಪುಗಳು ಹೆಚ್ಚುಕಡಿಮೆ ಒಂದನ್ನೊಂದು ರದ್ದು ಮಾಡುತ್ತವೆ. ದಿಗಂತ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗಾಗಿದ್ದರೆ ರದ್ದಾಗುವುದಿಲ್ಲ. ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸಬೇಕು. ಸಮುದ್ರ ಮಟ್ಟದ ದಿಗಂತದಲ್ಲಿ ಅದು 34 ಕಲೆಯ ಆಸುಪಾಸು, 3,850 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಅದಕ್ಕಿಂತ ಕಡಿಮೆ.

ಇಷ್ಟೆಲ್ಲ ಸರಿಮಾಡಿದರೂ ಉಳಿಯುವ ಪ್ರಶ್ನೆ ಒಂದೇ: ಮೂಲೆ ಎಂದರೆ ಯಾವ ಕಲ್ಲು? ಪೊಸ್ನಾನ್ಸ್ಕಿ ನೋಡಿದಾಗ ಕಲಾಸಸಾಯ ಎಂದರೆ ಎತ್ತರದ ಕಂಬಗಲ್ಲುಗಳ ಸಾಲು. ಕಂಬಗಳ ನಡುವೆ ಪೇರಿಸಿದ್ದ ಸಣ್ಣ ಕಲ್ಲುಗಳನ್ನು ಜನ ಶತಮಾನಗಳಿಂದ ಹೊತ್ತೊಯ್ದಿದ್ದರು. ಕಂಬಗಳು ಸವೆದಿದ್ದವು, ಕೆಲವು ವಾಲಿದ್ದವು. ಮೂಲೆಗಂಬದ ಒಳಮುಖ ಹಿಡಿಯಬೇಕೋ ಹೊರಮುಖವೋ, ನೋಡುವವನು ಗೋಡೆಯ ನಡುಭಾಗದಲ್ಲಿ ಯಾವ ಕಲ್ಲಿನ ಮೇಲೆ ನಿಂತಿದ್ದ? 1.3 ಮೀಟರ್‌ಗೆ 15,000 ವರ್ಷ ಆಗುವಾಗ ಇದು ಕ್ಷುಲ್ಲಕ ಪ್ರಶ್ನೆಯಲ್ಲ. 1920ರ ದಶಕದ ಕೊನೆಗೆ ಜರ್ಮನ್ ಖಗೋಳಜ್ಞರು ಅಲ್ಲಿ ಅಳತೆ ಮಾಡಿದಾಗ, ಅವರಲ್ಲೊಬ್ಬ ರೋಲ್ಫ್ ಮ್ಯುಲ್ಲರ್‌ಗೆ ಸಿಕ್ಕ ಅಂಕಿ ಪೊಸ್ನಾನ್ಸ್ಕಿಯದಕ್ಕಿಂತ ಸಾವಿರಾರು ವರ್ಷ ಈಚಿನದು. ಕಟ್ಟಡ ಒಂದೇ, ಸೂರ್ಯ ಒಬ್ಬನೇ, ಉತ್ತರ ಮಾತ್ರ ಬೇರೆ.

ಇದೆಲ್ಲಕ್ಕೂ ಅಡಿಯಲ್ಲಿ ಒಂದು ಊಹೆ ಅಡಗಿದೆ: ಕಟ್ಟಿದವರು ಆ ಮೂಲೆಗಳನ್ನು ಸೂರ್ಯೋದಯದ ತುದಿಗಳಿಗೆ ಕಲೆ-ವಿಕಲೆ ತಪ್ಪದಂತೆ ಹೊಂದಿಸಿದ್ದರು ಎಂಬುದು. ಕಟ್ಟಡ ಸೂರ್ಯನ ಕಡೆ ಮುಖ ಮಾಡಿರಬಹುದು, ಅದಕ್ಕೆ ಯಾರ ತಕರಾರೂ ಇಲ್ಲ. ಪೂರ್ವಕ್ಕೆ ಮುಖ ಮಾಡಿದ ಮನೆಗಳೆಲ್ಲ ವೀಕ್ಷಣಾಲಯಗಳಲ್ಲ.

ಇವತ್ತು ಹೋದವರಿಗೆ ಕಾಣುವ ಕಲಾಸಸಾಯದ ಸಪಾಟು ಗೋಡೆ 1960ರ ದಶಕದ ಮರುನಿರ್ಮಾಣ. ಜೂನ್ 21ರ ಐಮಾರ ಹೊಸವರ್ಷದ ಬೆಳಿಗ್ಗೆ ಸಾವಿರಾರು ಜನ ಸೂರ್ಯನಿಗೆ ಕೈಯೆತ್ತುವ ಫೋಟೊಗಳು ಬರುತ್ತವಲ್ಲ, ಅವುಗಳ ಹಿನ್ನೆಲೆಯ ಗೋಡೆ ಅದು. ಹೊಸ ಗೋಡೆಯ ಮೇಲೆ ಫೋಟೊದಲ್ಲಿ ಗೆರೆ ಎಳೆದು ಪ್ರಾಚೀನ ಖಗೋಳ ಹುಡುಕುವವರೂ ಇದ್ದಾರೆ.

ಕಲ್ಲಿಗೆ ಕಾರ್ಬನ್ ಡೇಟಿಂಗ್ ಆಗದು, ಅದರಡಿಯ ಮಣ್ಣಿಗೆ ಆಗುತ್ತದೆ

‘ಕಲ್ಲಿನ ವಯಸ್ಸನ್ನು ಕಾರ್ಬನ್‌ನಿಂದ ಅಳೆಯಲಾಗದು, ಹಾಗಾಗಿ ವಿಜ್ಞಾನಿಗಳ ಅಂಕಿಯೂ ಊಹೆಯೇ’ ಎಂಬ ವಾದದ ಮೊದಲ ಅರ್ಧ ನಿಜ. ಅಳೆಯುವುದು ಕಲ್ಲನ್ನಲ್ಲ, ಕಲ್ಲಿನ ಕೆಳಗೆ ಸಿಕ್ಕಿಬಿದ್ದ ಇದ್ದಿಲು, ಬೀಜ, ಹುಲ್ಲು, ಮೂಳೆಯನ್ನು.

ಪೂಮಾ ಪುಂಕು ಮೂಲತಃ ಒಂದು ಮಣ್ಣಿನ ದಿಬ್ಬ: ಉತ್ತರ-ದಕ್ಷಿಣ 167 ಮೀಟರ್, ಪೂರ್ವ-ಪಶ್ಚಿಮ 117 ಮೀಟರ್, ಎತ್ತರ ಐದು ಮೀಟರ್. ಮಣ್ಣು ತುಂಬಿ, ಕಲ್ಲಿನ ಗೋಡೆಯಿಂದ ತಡೆದು, ಅದರ ಮೇಲೆ ಹಾಸುಗಲ್ಲು ಇಟ್ಟಿದ್ದಾರೆ. ಪುರಾತತ್ತ್ವಜ್ಞ ಅಲೆಕ್ಸಿ ವ್ರಾನಿಚ್ ಈ ದಿಬ್ಬದ ಅತಿ ಕೆಳಗಿನ, ಅತಿ ಹಳೆಯ ಪದರದಿಂದ ತೆಗೆದ ಸಾವಯವ ವಸ್ತುವಿನ ಫಲಿತಾಂಶ: 1510 ± 25. ಪ್ರಯೋಗಾಲಯಗಳು 1950ನೇ ಇಸವಿಯಿಂದ ಹಿಂದಕ್ಕೆ ಎಣಿಸುತ್ತವೆ. ನೇರವಾಗಿ ಕಳೆದರೆ ಕ್ರಿ.ಶ. 440. ಆದರೆ ವಾತಾವರಣದ ಕಾರ್ಬನ್-14 (ಕಾಲ ಕಳೆದಂತೆ ಕ್ಷಯಿಸುವ ಕಾರ್ಬನ್; ಎಷ್ಟು ಉಳಿದಿದೆ ಎಂಬುದರಿಂದಲೇ ವಯಸ್ಸಿನ ಲೆಕ್ಕ) ಎಲ್ಲ ಕಾಲಕ್ಕೂ ಒಂದೇ ಪ್ರಮಾಣದಲ್ಲಿರಲಿಲ್ಲ. ಮರದ ವಾರ್ಷಿಕ ಉಂಗುರಗಳಿಂದ ಕಟ್ಟಿದ ಕೋಷ್ಟಕದ ಜೊತೆ ತಾಳೆ ನೋಡಿದಾಗ ನಿಜವಾದ ಅವಧಿ ಕ್ರಿ.ಶ. 536ರಿಂದ 600 ಎಂದು ಬರುತ್ತದೆ. ದಕ್ಷಿಣ ಗೋಳಾರ್ಧಕ್ಕೆ ಪ್ರತ್ಯೇಕ ಕೋಷ್ಟಕವಿದೆ. ಅಲ್ಲಿ ಸಮುದ್ರ ಹೆಚ್ಚು, ಹಳೆಯ ಕಾರ್ಬನ್ ನೀರಿನಿಂದ ಗಾಳಿಗೆ ಸೇರುತ್ತದೆ, ಮಾದರಿಗಳು ಕೆಲವು ದಶಕ ಹಳೆಯವಾಗಿ ತೋರುತ್ತವೆ.

ತಳಪಾಯದ ಅಡಿಯ ವಸ್ತು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬಲ್ಲೇ ಹೆಚ್ಚಿನವರು ಎಡವುವುದು. ಹಳೆಯ ಮನೆ ಕೆಡವುವಾಗ ತಳಪಾಯದ ಕಲ್ಲಿನಡಿ 1950ರ ನಾಣ್ಯ ಸಿಕ್ಕರೆ ಆ ಮನೆ 1950ಕ್ಕಿಂತ ಹಿಂದಿನದಾಗಲಾರದು. 1835ರ ಕಂಪನಿ ಕಾಸು ಸಿಕ್ಕರೆ ಮನೆ 1835ರದು ಎನ್ನುವಂತಿಲ್ಲ. ಹಳೆಯ ಕಾಸು ಮಣ್ಣಿನಲ್ಲಿ ಮೊದಲೇ ಬಿದ್ದಿರಬಹುದು. ಅಡಿಯಲ್ಲಿರುವ ಹಳೆಯ ವಸ್ತುವಿಗೆ ಬೆಲೆ ಕಡಿಮೆ, ಹೊಸ ವಸ್ತುವಿಗೆ ಬೆಲೆ ಹೆಚ್ಚು. ಇಂಡೊನೇಷ್ಯಾದ ಗುನುಂಗ್ ಪಡಂಗ್ ಎಂಬ ಪ್ರಾಚೀನ ತಾಣ 27,000 ವರ್ಷದಷ್ಟು ಹಳೆಯದೆಂದ 2023ರ ಪ್ರಬಂಧವನ್ನು 2024ರಲ್ಲಿ ಪತ್ರಿಕೆ ಹಿಂತೆಗೆದುಕೊಂಡದ್ದೂ ಇದೇ ತಪ್ಪಿಗೆ. ಅಲ್ಲಿ ಅಳೆದದ್ದು ಮಣ್ಣನ್ನು. ಆ ಮಣ್ಣಿನಲ್ಲಿ ಮನುಷ್ಯರ ಕೈಕೆಲಸದ ಗುರುತೇ ಇರಲಿಲ್ಲ.

‘ಮಾದರಿಗೆ ಈಚಿನ ಕಾರ್ಬನ್ ಬೆರೆತು ವಯಸ್ಸು ಕಡಿಮೆ ತೋರಿಸಿರಬಹುದಲ್ಲ?’ ಎಂಬ ಪ್ರಶ್ನೆ ಒಳ್ಳೆಯದು. ಬೆರಕೆ ಆಗುವುದುಂಟು: ಹುಲ್ಲಿನ ಬೇರು, ಇಲಿಯ ಬಿಲ, ನಿಧಿ ಹುಡುಕುವವರ ಗುಂಡಿ. ಅದಕ್ಕೇ ಮೊದಲು ಸೂಕ್ಷ್ಮದರ್ಶಕದ ಕೆಳಗೆ ಬೇರಿನ ಎಳೆಗಳನ್ನು ಹೆಕ್ಕುತ್ತಾರೆ. ಆಮೇಲೆ ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆದು ಮಣ್ಣಿನ ಸುಣ್ಣ, ಕೊಳೆತ ಕಸದ ರಸ ತೆಗೆಯುತ್ತಾರೆ. ಉಳಿದದ್ದನ್ನು ಸುಟ್ಟು, ಆ ಅನಿಲವನ್ನು ಗ್ರಾಫೈಟ್ ಮಾಡಿ, ಪರಮಾಣು ಎಣಿಸುವ ಯಂತ್ರಕ್ಕೆ ಕೊಡುತ್ತಾರೆ. ಇಷ್ಟಾದ ಮೇಲೂ ಒಂದಿಷ್ಟು ಬೆರಕೆ ಉಳಿಯಿತು ಎನ್ನಿ. ಎಷ್ಟು ಉಳಿದರೆ 17,000 ಎಂಬುದು 1,500 ಆಗುತ್ತದೆ? ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. 17,000 ವರ್ಷದ ವಸ್ತುವಿನಲ್ಲಿ ಮೂಲದ ಶೇ. 13 ರಷ್ಟೇ ಉಳಿದಿರುತ್ತದೆ, 1,500 ವರ್ಷದ್ದರಲ್ಲಿ ಶೇ. 83. ಶೇ. 1 ರಷ್ಟು ಹೊಸ ಕಾರ್ಬನ್ ಬೆರೆತರೆ 17,000 ವರ್ಷದ ವಸ್ತು ಸುಮಾರು 16,450 ಎಂದು ತೋರುತ್ತದೆ, ಅಷ್ಟೇ. 1,500 ಎಂದು ತೋರಬೇಕಾದರೆ ಮಾದರಿಯ ಶೇ. 80 ಭಾಗ ಈಚಿನದಾಗಿರಬೇಕು. ಅದನ್ನು ಬೆರಕೆ ಎನ್ನುವುದಿಲ್ಲ, ಬೇರೆಯದೇ ವಸ್ತು ಎನ್ನುತ್ತಾರೆ.

ನಿಜವಾಗಿ ಆಲ್ಟಿಪ್ಲಾನೊದಲ್ಲಿ, ಅಂದರೆ ಆಂಡೀಸ್‌ನ ಈ ಎತ್ತರದ ಬಯಲಿನಲ್ಲಿ, ತಪ್ಪಾಗುವ ಸಂಭವ ಇರುವುದು ಇನ್ನೊಂದು ದಿಕ್ಕಿಗೆ, ವಯಸ್ಸು ಹೆಚ್ಚಾಗಿ ತೋರುವ ಕಡೆಗೆ. ಅಷ್ಟೆತ್ತರದಲ್ಲಿ ಮರ ಕಡಿಮೆ; ಇರುವ ಪಾಲಿಲೆಪಿಸ್ ಮರಗಳು ಶತಮಾನಗಟ್ಟಲೆ ಬದುಕುತ್ತವೆ, ಕಡಿದ ತೊಲೆಯನ್ನು ಜನ ಮತ್ತೆ ಮತ್ತೆ ಬಳಸುತ್ತಾರೆ. ಮರದ ಒಳತಿರುಳಿನ ಇದ್ದಿಲು ಒಲೆ ಉರಿದ ದಿನಕ್ಕಿಂತ ನೂರಾರು ವರ್ಷ ಹಳೆಯದಿರಬಹುದು. ಸರೋವರದ ಮೀನು, ಜೊಂಡಿನಲ್ಲಿ ನೀರಿನ ಹಳೆಯ ಕಾರ್ಬನ್ ಸೇರಿರುತ್ತದೆ. ಹೀಗಾಗಿ ಕಸುಬು ಬಲ್ಲವರು ಹುಡುಕುವುದು ಒಂದೇ ವರ್ಷ ಬದುಕಿದ ವಸ್ತುವನ್ನು: ಕಿನೋವ ಕಾಳು, ಹುಲ್ಲಿನ ಕಡ್ಡಿ, ಲಾಮಾದ ಸುಟ್ಟ ಹಿಕ್ಕೆ. ಅಲ್ಲಿನ ಒಲೆಗೆ ಇಂದಿಗೂ ಹಿಕ್ಕೆಯೇ ಸೌದೆ.

ಲೋಹದ ಸಾಕ್ಷಿ

ಕಾರ್ಬನ್ ಮೇಲೆ ನಂಬಿಕೆಯೇ ಇಲ್ಲ ಎನ್ನುವವರು ಕಲ್ಲುಗಳ ಅಂಚನ್ನು ನೋಡಲಿ. ಪೂಮಾ ಪುಂಕುವಿನ ಹಲವು ಕಲ್ಲುಗಳ ಅಂಚಿನಲ್ಲಿ ಡಮರುವಿನಂತೆ ನಡು ಸಣ್ಣ, ತುದಿ ಅಗಲ ಇರುವ ಗುಳಿಗಳಿವೆ. ಎರಡು ಕಲ್ಲು ಜೋಡಿಸಿದಾಗ ಎರಡರ ಅರ್ಧಗುಳಿ ಕೂಡಿ ಒಂದು ಪೂರ್ಣ ಗುಳಿಯಾಗುತ್ತದೆ, ಅದರಲ್ಲಿ ಲೋಹದ ಪಟ್ಟಿ ಕೂರುತ್ತದೆ. ಹೆಚ್ಚಿನ ಪಟ್ಟಿಗಳನ್ನು ಕಳ್ಳರು ಕಿತ್ತೊಯ್ದಿದ್ದಾರೆ. ಉಳಿದವನ್ನು ಲೋಹತಜ್ಞೆ ಹೀದರ್ ಲೆಕ್ಟ್‌ಮನ್ ಪರೀಕ್ಷಿಸಿದಾಗ ಕಂಡದ್ದು ತಾಮ್ರ, ಆರ್ಸೆನಿಕ್, ನಿಕಲ್ ಬೆರೆತ ಕಂಚು. ಪೂಮಾ ಪುಂಕುವಿನಲ್ಲಿ ಕರಗಿದ ಲೋಹವನ್ನು ಗುಳಿಗೇ ಹೊಯ್ದಿದ್ದಾರೆ.

ಅದಿರು ಕರಗಿಸುವ ಕುಲುಮೆಯಿಲ್ಲದೆ ಇಂಥ ಮಿಶ್ರಲೋಹ ಆಗದು. ಟಿಟಿಕಾಕಾ ಸುತ್ತ ಸಿಕ್ಕ ಅತಿ ಹಳೆಯ ಲೋಹ ಜಿಸ್ಕೈರುಮೊಕೊ ಎಂಬಲ್ಲಿನ ಚಿನ್ನದ ಮಣಿಗಳು, ಸುಮಾರು 4,000 ವರ್ಷದವು. ಅವೂ ತಟ್ಟಿ ಮಾಡಿದವು, ಕರಗಿಸಿ ಎರೆದವಲ್ಲ. ಪೆರುವಿನ ಮಿನಾ ಪೆರ್ದಿದಾದ ತಾಮ್ರದ ಹಾಳೆಗಳು ಸುಮಾರು 3,000 ವರ್ಷ ದಾಟಿದವು. 17,000 ವರ್ಷದ ಹಿಂದೆ ಕಟ್ಟಿದರೆಂದರೆ ನಿಕಲ್ ಕಂಚಿನ ವಿದ್ಯೆಯನ್ನು ಕಲಿತು, ಗಣಿ, ಕುಲುಮೆ, ಕಿಟ್ಟ ಒಂದನ್ನೂ ಬಿಡದೆ ಅಳಿಸಿ, 13,000 ವರ್ಷ ಕಾದು, ಮತ್ತೆ ಚಿನ್ನ ತಟ್ಟುವುದರಿಂದ ಶುರುಮಾಡಿದರು ಎನ್ನಬೇಕಾಗುತ್ತದೆ.

ಎತ್ತರದಲ್ಲಿ ಹಳೆಯ ಮನುಷ್ಯರೇ ಇರಲಿಲ್ಲ ಎಂದೇನಲ್ಲ. ಪೆರುವಿನ ಕುನ್ಕೈಚ ಎಂಬ ಬಂಡೆ ಆಶ್ರಯದಲ್ಲಿ, 4,480 ಮೀಟರ್ ಎತ್ತರದಲ್ಲಿ, 12,000 ವರ್ಷದ ಹಿಂದೆ ಬೇಟೆಗಾರರು ಒಲೆ ಉರಿಸಿದ್ದರು. ಒಂದು ಸಣ್ಣ ಗುಂಪಿನ ಕಲ್ಲಿನ ಚೂರು, ಮೂಳೆ, ಬೂದಿ ಇಷ್ಟು ಕಾಲ ಉಳಿದು ಕೈಗೆ ಸಿಕ್ಕಿದೆ. ನೂರು ಟನ್ ಕಲ್ಲು ಎಳೆದ ಸಾವಿರಾರು ಜನ ಒಂದು ಮಡಕೆಯನ್ನೂ ಬಿಟ್ಟುಹೋಗದಿರುವುದು ಹೇಗೆ? ಬಿಟ್ಟುಹೋಗಿದ್ದಾರೆ, ಆ ಮಡಕೆ ಚೂರುಗಳೆಲ್ಲ ಮೊದಲ ಸಹಸ್ರಮಾನದವು.

ಕಲ್ಲಿನ ನಿಖರತೆಯ ಬಗ್ಗೆ ಒಂದೆರಡು ಮಾತು ಸಾಕು. ವಾಸ್ತುಶಿಲ್ಪಿಗಳಾದ ಜೀನ್-ಪಿಯರ್ ಪ್ರಾಟ್ಸನ್, ಸ್ಟೆಲ್ಲಾ ನಾಯರ್ ಕಲ್ಲಿನ ಉಪಕರಣ ಹಿಡಿದು ಅಂಥ ಕೆತ್ತನೆಯನ್ನು ತಾವೇ ಪ್ರಯತ್ನಿಸಿ ನೋಡಿದರು. ಚಪ್ಪಟೆ ಮುಖ ಗುಂಡುಕಲ್ಲಿನಿಂದ ಕುಟ್ಟಿ, ಉಜ್ಜಿದರೆ ಬರುತ್ತದೆ. ಒಳಮೂಲೆಯ ಚೂಪು ಕೋನಕ್ಕೆ ಉಳಿಯಂಥ ಮೊನೆ ಬೇಕು. ಕಷ್ಟದ ಕೆಲಸ, ಅಸಾಧ್ಯವಲ್ಲ. ವ್ರಾನಿಚ್ 2018ರಲ್ಲಿ ಪೂಮಾ ಪುಂಕುವಿನ ಚದುರಿದ ಕಲ್ಲುಗಳನ್ನು ಶೇ. 4 ಅಳತೆಯಲ್ಲಿ 3ಡಿ ಪ್ರಿಂಟ್ ಮಾಡಿ, ಮಕ್ಕಳ ಆಟದ ತುಂಡುಗಳಂತೆ ಕೈಯಲ್ಲಿ ಹಿಡಿದು ಜೋಡಿಸಿ ನೋಡಿದ. ಒಂದೇ ಅಚ್ಚಿನಂಥ ಕಲ್ಲುಗಳು ಬಾಗಿಲುವಾಡಗಳಾಗಿ ಕೂಡಿಕೊಂಡವು. ಅಳತೆಕೋಲು, ಮಾದರಿ ಪಟ್ಟಿ ಇಟ್ಟುಕೊಂಡು ಕೆಲಸ ಮಾಡಿದ ಶಿಲ್ಪಿಗಳ ಗುರುತು ಅದು.

ತಪ್ಪು ಎರಡೂ ಕಡೆ ಆಗಿದೆ

ಪುರಾತತ್ತ್ವಜ್ಞರೆಲ್ಲ ಸೇರಿ ಹಳೆಯ ತಾರೀಕುಗಳನ್ನು ಮುಚ್ಚಿಡುತ್ತಾರೆ ಎಂಬ ದೂರಿಗೆ ಆಂಡೀಸ್‌ನಲ್ಲೇ ಎದುರು ಉದಾಹರಣೆಗಳಿವೆ. ಲಿಮಾದ ಉತ್ತರಕ್ಕೆ ಸೂಪೆ ಕಣಿವೆಯ ಕಾರಾಲ್‌ನಲ್ಲಿ ರೂತ್ ಶೇಡಿ 1990ರ ದಶಕದಲ್ಲಿ ಅಗೆತ ಶುರುಮಾಡಿದರು. ಮಡಕೆಯೇ ಸಿಗದ ಆ ಊರಿನ ದಿಬ್ಬಗಳೊಳಗೆ ಜೊಂಡಿನ ಬಲೆಚೀಲಗಳು ಸಿಕ್ಕವು. ಕಲ್ಲು ತುಂಬಿಕೊಂಡು ಬಂದು, ಚೀಲದ ಸಮೇತ ದಿಬ್ಬಕ್ಕೆ ಇಳಿಸಿದ್ದರು. ಸ್ಥಳೀಯವಾಗಿ ಅದಕ್ಕೆ ‘ಶಿಕ್ರಾ’ ಎನ್ನುತ್ತಾರೆ. ಕಾಲನಿರ್ಣಯಕ್ಕೆ ಇದಕ್ಕಿಂತ ಉತ್ತಮ ವಸ್ತು ಕೇಳಬಾರದು: ಅಲ್ಪಾಯುಷಿ ಸಸ್ಯ, ಕಟ್ಟಲೆಂದೇ ಹೆಣೆದದ್ದು, ಕಟ್ಟಿದ ದಿನ ಒಳಗೇ ಉಳಿದದ್ದು. 2001ರಲ್ಲಿ ಪ್ರಕಟವಾದ 18 ಮಾದರಿಗಳ ಫಲಿತಾಂಶದಲ್ಲಿ ಅತಿ ಹಳೆಯದು ಕ್ರಿ.ಪೂ. 2627. ಅಮೆರಿಕ ಖಂಡದ ನಗರ ಚರಿತ್ರೆ ಒಂದೇ ಏಟಿಗೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು, ಅದನ್ನು ಯಾರೂ ಮುಚ್ಚಿಡಲಿಲ್ಲ.

ಇತ್ತ ಟಿವಾನಾಕುವಿನಲ್ಲಿ ಆದದ್ದು ಇದರ ತಿರುವುಮುರುವು. ಬೊಲಿವಿಯಾದ ಹೆಸರಾಂತ ಪುರಾತತ್ತ್ವಜ್ಞ ಕಾರ್ಲೋಸ್ ಪೋನ್ಸೆ ಸಾಂಗಿನೆಸ್, ಕಲಾಸಸಾಯದ ಮರುನಿರ್ಮಾಣ ನಡೆಸಿದಾತ, ಒಂಟಿ ಕಾರ್ಬನ್ ಫಲಿತಾಂಶವೊಂದನ್ನು ಆಧರಿಸಿ ಊರಿನ ಆರಂಭವನ್ನು ಕ್ರಿ.ಪೂ. 1580ಕ್ಕೆ ಒಯ್ದ. ರಾಷ್ಟ್ರದ ಹೆಮ್ಮೆಗೆ ಒಪ್ಪುವ ಅಂಕಿಯಾದ್ದರಿಂದ ಪಠ್ಯಗಳಲ್ಲಿ, ಫಲಕಗಳಲ್ಲಿ ಬೇರೂರಿತು. ಮುಂದೆ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಆ ಒಂಟಿ ಅಂಕಿಗೆ ಜೊತೆಯೇ ಇರಲಿಲ್ಲ. 2012ರಲ್ಲಿ ಪುರಾತತ್ತ್ವಜ್ಞ ಎರಿಕ್ ಮಾರ್ಶ್ ಮಾಡಿದ ಗಣನೆಯಲ್ಲಿ ಊರಿನ ಸ್ಥಾಪನೆ ಕ್ರಿ.ಶ. 110ರ ಆಸುಪಾಸಿಗೆ ಬಂತು. ಸುಮಾರು ಹದಿನೇಳು ಶತಮಾನ ಒಂದೇ ಸಲಕ್ಕೆ ಕಡಿತ. ಒಂದೇ ಮಾದರಿ ನೆಚ್ಚಿ ಇತಿಹಾಸ ಬರೆದರೆ ಆಗುವುದು ಇದೇ. ಬರೆದವರು ಪದವೀಧರರೋ ಯೂಟ್ಯೂಬರೋ ಎಂಬುದು ಇಲ್ಲಿ ಮುಖ್ಯವಲ್ಲ.

ಪೆರುವಿನ ಬೆಟ್ಟದ ಮೇಲಿನ ಇಂಕಾ ಊರು ಮಾಚು ಪಿಚುವಿನಲ್ಲಿ ತಕರಾರು ಇನ್ನೂ ಸೂಕ್ಷ್ಮ. ಸ್ಪ್ಯಾನಿಷ್ ಬರಹಗಳ ಪ್ರಕಾರ ಇಂಕಾ ದೊರೆ ಪಚಕೂಟಿ ಪಟ್ಟಕ್ಕೆ ಬಂದದ್ದು 1438ರಲ್ಲಿ, ಹಾಗಾಗಿ ಮಾಚು ಪಿಚು ಅದಾದ ಮೇಲಿನದು ಎಂದು ನಂಬಿದ್ದರು. ಪುರಾತತ್ತ್ವಜ್ಞ ರಿಚರ್ಡ್ ಬರ್ಗರ್ ತಂಡ 2021ರಲ್ಲಿ ಅಲ್ಲಿನ ಸಮಾಧಿಗಳ 26 ಜನರ ಮೂಳೆ, ಹಲ್ಲುಗಳನ್ನು ಅಳೆದಾಗ 1420ರ ಹೊತ್ತಿಗೇ ಜನ ವಾಸವಿದ್ದದ್ದು ಕಂಡಿತು. ಇಪ್ಪತ್ತು ಚಿಲ್ಲರೆ ವರ್ಷದ ವ್ಯತ್ಯಾಸಕ್ಕೆ ಒಂದು ಪ್ರಬಂಧ, ಇಂಕಾ ದೊರೆಗಳ ಕಾಲಾನುಕ್ರಮವನ್ನೇ ಮತ್ತೆ ಬರೆಯಬೇಕೇ ಎಂಬ ಚರ್ಚೆ.

ಟಿವಾನಾಕು ಇಂಕಾಗಳಿಗಿಂತ ಹಳೆಯದು ಎಂಬುದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಪೆದ್ರೊ ಸಿಯೆಸಾ ದೆ ಲಿಯೋನ್ ಎಂಬ ಸ್ಪ್ಯಾನಿಷ್ ಸೈನಿಕ 1549ರಲ್ಲಿ ಅಲ್ಲಿಗೆ ಹೋಗಿದ್ದ. ಇವನ್ನು ಇಂಕಾಗಳು ಕಟ್ಟಿದರೇ ಎಂದು ಊರವರನ್ನು ಕೇಳಿದಾಗ ಅವರು ನಕ್ಕರಂತೆ. ಇಂಕಾಗಳು ಬರುವ ಮೊದಲೇ ಇದ್ದವು ಎಂದರಂತೆ. ಕಾರ್ಬನ್ ಹೇಳುವುದೂ ಅಷ್ಟನ್ನೇ: ಇಂಕಾಗಳಿಗಿಂತ ಎಂಟುನೂರು, ಒಂಬೈನೂರು ವರ್ಷ ಹಿಂದೆ.